ಆತ್ಯಯಿಕ ಚಿಕಿತ್ಸೆಯೂ ಹಿಲ್ ಕೇರಿಯ ಜನರೂ

ಸಂಸ್ಕೃತದ 'ಅತ್ಯಯ' ಶಬ್ದಕ್ಕೆ ದಾಟಿಹೋಗುವುದು, ಕಳೆದುಹೋಗುವುದು ಎಂಬುದು ಮೂಲಾರ್ಥ. 'ಅತಿ' ಎಂಬ ಉಪಸರ್ಗವೂ 'ಹೋಗು' ಎಂಬರ್ಥದ 'ಇ' ಧಾತುವೂ ಕೂಡಿ ಆದ ಶಬ್ದವಿದು. ಅಪಾಯ, ನಾಶ ಎಂಬ ಅರ್ಥಗಳು ಅದಕ್ಕೆ ಅನಂತರ ಬಂದುವು. ಇದರಿಂದ ಸಿದ್ಧಿಸಿದ 'ಆತ್ಯಯಿಕ' ಎಂಬ ಪದವನ್ನು ನಮ್ಮ ಪ್ರಾಚೀನ ವೈದ್ಯಗ್ರಂಥಗಳು ವಿಳಂಬವನ್ನು ಸಹಿಸದ ಅವಸ್ಥೆಗೆ ಹೇಳುತ್ತವೆ. ಇಂದು ನಾವು 'ತುರ್ತು ಚಿಕಿತ್ಸೆ' ಎನ್ನುವುದು ಇದನ್ನೇ. ಇತ್ತ 'ಆಂಬುಲೆನ್ಸ್' ಎಂಬ ಮಾತನ್ನು ನೋಡಿರಿ. ನಡೆಯುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿ, ಸೇನೆಯ ಹಿಂದೆ ಹಿಂದೆ ಸಾಗುತ್ತಿದ್ದ 'ನಡೆಯುವ ಆಸ್ಪತ್ರೆ'ಗೆ ಫ್ರೆಂಚರು ಇಟ್ಟ ಹೆಸರಿನ ಮೂಲಕ ಅದು ಬಂದಿತು. ಎರಡು ಶಬ್ದಗಳಲ್ಲಿಯೂ ಇರುವುದು ಗಮನವೇ. ಒಂದರಲ್ಲಿ ಕಾಲವು ಕೈಮೀರಿ ಹೋಗುತ್ತಿದೆ. ಮತ್ತೊಂದರಲ್ಲಿ ವೈದ್ಯವು ರೋಗಿಯಿದ್ದೆಡೆಗೆ ಹೋಗಬೇಕಾಗಿದೆ. ಆದರೆ ಆ ವಾಹನವು ಊರಿನ ಯಾವ ಕೇರಿಗೆ ಹೋಗುತ್ತದೆ, ಯಾವ ಕೇರಿಗೆ ಹೋಗುವುದಿಲ್ಲ, ಹೋದರೂ ಅದರೊಳಗೆ ಕುಳಿತಿರುವವನು ಎಂಥವನು ಎಂಬ ಪ್ರಶ್ನೆಗಳು ವ್ಯಾಕರಣದಿಂದ ಬಗೆಹರಿಯತಕ್ಕವಲ್ಲ. ಅದಕ್ಕಾಗಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 1967ರಿಂದ 1975ರವರೆಗೆ ನಡೆದ ಒಂದು ವೃತ್ತಾಂತವನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಡಲು ಬಯಸುತ್ತೇನೆ.

ಮೊದಲು ಶರೀರಶಾಸ್ತ್ರದ ಒಂದು ಮಾತನ್ನು ತಿಳಿದಿರಬೇಕು. ಹೃದಯವು ನಿಂತು ರಕ್ತಸಂಚಾರ ಕಡಿದ ಬಳಿಕ ಮಿದುಳು ಆಮ್ಲಜನಕವಿಲ್ಲದೆ ತಾಳಬಲ್ಲುದು ಸುಮಾರು ನಾಲ್ಕರಿಂದ ಆರು ನಿಮಿಷ ಮಾತ್ರ. ಆ ಮೇಲೆ ಹೃದಯವನ್ನು ಮತ್ತೆ ಮಿಡಿಯಿಸಿದರೂ ಮಿದುಳಿಗೆ ಆದ ಹಾನಿಯು ಹಿಂದಿರುಗದು. ಪ್ರಜ್ಞೆ ತಪ್ಪಿ ಅಂಗಾತ ಬಿದ್ದವನ ನಾಲಗೆಯು ಹಿಂದಕ್ಕೆ ಸರಿದು ಉಸಿರಿನ ದಾರಿಯನ್ನು ಮುಚ್ಚುವುದುಂಟು. ತಲೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲವನ್ನು ಮೇಲಕ್ಕೆತ್ತಿದರೆ ಎಷ್ಟೋ ವೇಳೆ ಆ ದಾರಿ ತೆರೆಯುತ್ತದೆ. ಇಷ್ಟು ಸುಲಭವಾದ ಕ್ರಿಯೆಯನ್ನು ತಿಳಿದವನೊಬ್ಬನು ಹತ್ತಿರದಲ್ಲಿ ಇಲ್ಲದೆ ಹೋದ ಕಾರಣದಿಂದಲೇ ಪ್ರಾಣ ಕಳೆದುಕೊಂಡವರ ಸಂಖ್ಯೆ ಅಪಾರ. ಎಂತಲೇ ಆಸ್ಪತ್ರೆಯು ಎಷ್ಟು ದೊಡ್ಡದು ಎಂಬುದಕ್ಕಿಂತ, ಆಸ್ಪತ್ರೆಯ ಬಾಗಿಲು ಮುಟ್ಟುವುದಕ್ಕೆ ಮುಂಚಿನ ನಿಮಿಷಗಳು ಯಾರ ಕೈಯಲ್ಲಿ ಕಳೆಯುತ್ತವೆ ಎಂಬುದು ಮುಖ್ಯವಾಗುತ್ತದೆ.

ಚಂದ್ರಲೋಕಕ್ಕೆ ಮನುಷ್ಯನನ್ನು ಕಳುಹಿಸಲು ಸಿದ್ಧತೆ ನಡೆಸುತ್ತಿದ್ದ ಅಮೆರಿಕದಲ್ಲಿ ಆ ನಿಮಿಷಗಳು 1960ರ ದಶಕದ ನಡುವಿನಲ್ಲಿ ಯಾರ ಕೈಯಲ್ಲಿದ್ದುವು? ಅನೇಕ ಊರುಗಳಲ್ಲಿ ಶವಸಂಸ್ಕಾರದ ವ್ಯಾಪಾರಿಗಳ ಕೈಯಲ್ಲಿ. ಮನುಷ್ಯನು ಉದ್ದಕ್ಕೆ ಮಲಗಬಹುದಾದ ವಾಹನವು ಇದ್ದುದು ಅವರಲ್ಲಿಯೇ ಆದುದರಿಂದ, ಹೆಣವನ್ನು ಒಯ್ಯುವ ಗಾಡಿಯೇ ರೋಗಿಯನ್ನೂ ಒಯ್ಯುತ್ತಿತ್ತು. ಉಳಿದೆಡೆ ಪೊಲೀಸರು, ಅಗ್ನಿಶಾಮಕ ದಳದವರು, ಸ್ವಯಂಸೇವಕರು. 1966ರಲ್ಲಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಅಪಘಾತ ಮರಣಗಳನ್ನು ಕುರಿತು ಒಂದು ವರದಿಯನ್ನು ಹೊರಡಿಸಿತು. 1965ರ ಒಂದೇ ವರ್ಷದಲ್ಲಿ ಅಪಘಾತಗಳಿಂದ 1,07,000 ಮಂದಿ ಸತ್ತಿದ್ದರು. ನಾಲ್ಕು ಲಕ್ಷ ಮಂದಿ ಶಾಶ್ವತವಾಗಿ ಅಂಗವಿಕಲರಾಗಿದ್ದರು. ಆಧುನಿಕ ಸಮಾಜವು ಅಲಕ್ಷಿಸಿದ ವ್ಯಾಧಿಯಿದು ಎಂದೇ ವರದಿಯು ಅದನ್ನು ಹೆಸರಿಸಿತು.

ಪಿಟ್ಸ್‌ಬರ್ಗ್ ಉಕ್ಕಿನ ನಗರ. ಅಲೆಘೆನಿ, ಮೊನಾಂಗಹೀಲ ಎಂಬೆರಡು ನದಿಗಳು ಕೂಡಿ ಒಹಾಯೋ ನದಿಯಾಗುವ ಸಂಗಮದ ಮೇಲೆ ಅದು ನೆಲಸಿದೆ. ನಗರಮಧ್ಯಕ್ಕೆ ಅಂಟಿಕೊಂಡ ದಿಬ್ಬದ ಮೇಲಿನ ಭಾಗಕ್ಕೆ ಹಿಲ್ ಡಿಸ್ಟ್ರಿಕ್ಟ್ ಎಂದು ಹೆಸರು; ಗುಡ್ಡದ ಕೇರಿ ಎನ್ನೋಣ. ಅಲ್ಲಿ ಇದ್ದವರು ಬಹುಮಟ್ಟಿಗೆ ಆಫ್ರಿಕನ್ ಮೂಲದ ಕಪ್ಪುಜನ. ಇಪ್ಪತ್ತನೆಯ ಶತಮಾನದ ಹೆಸರಾಂತ ನಾಟಕಕಾರರಲ್ಲೊಬ್ಬರಾದ ಆಗಸ್ಟ್ ವಿಲ್ಸನ್ನರು 1945ರಲ್ಲಿ ಹುಟ್ಟಿದ್ದು ಈ ಕೇರಿಯಲ್ಲಿಯೇ. ಅವರ ಹತ್ತು ನಾಟಕಗಳ ಮಾಲೆಯಲ್ಲಿ ಒಂಬತ್ತಕ್ಕೆ ಇದೇ ರಂಗಭೂಮಿ. ಅವುಗಳಲ್ಲೊಂದಾದ 'ಜಿಟ್ನಿ' ಎಂಬುದು ಪರವಾನಗಿಯಿಲ್ಲದ ಬಾಡಿಗೆ ಕಾರುಗಳನ್ನು ಓಡಿಸುವವರ ಕಥೆ. ನಗರದ ಟ್ಯಾಕ್ಸಿಗಳು ಗುಡ್ಡವನ್ನು ಹತ್ತಿ ಬರಲೊಲ್ಲವಾದುದರಿಂದ ಕೇರಿಯವರು ತಮ್ಮ ಕಾರುಗಳನ್ನು ತಾವೇ ಓಡಿಸಿಕೊಳ್ಳಬೇಕಾಯಿತು. 1950ರ ದಶಕದಲ್ಲಿ ನಗರ ನವೀಕರಣದ ಹೆಸರಿನಲ್ಲಿ ಕೇರಿಯ ಕೆಳಭಾಗವನ್ನು ಕೆಡವಿದರು. ಸುಮಾರು ಎಂಟು ಸಾವಿರ ಮಂದಿ ಮನೆ ಬಿಟ್ಟು ಹೋಗಬೇಕಾಯಿತು. ಆ ಸ್ಥಳದಲ್ಲಿ ಎದ್ದ ಭವ್ಯ ಕ್ರೀಡಾಮಂದಿರವು 1961ರಲ್ಲಿ ತೆರೆಯಿತು.

ಇಂಥ ಕೇರಿಯಲ್ಲಿ ಒಬ್ಬನು ಎದೆ ಹಿಡಿದುಕೊಂಡು ಬಿದ್ದರೆ ಕರೆಯಬೇಕಾದುದು ಪೊಲೀಸರನ್ನು. ಕೈದಿಗಳನ್ನು ಒಯ್ಯುವ ವ್ಯಾನೇ ಬರುತ್ತಿತ್ತು, ಬಂದರೆ. ಇಬ್ಬರು ಪೊಲೀಸರು ರೋಗಿಯನ್ನು ಕ್ಯಾನ್ವಾಸಿನ ಸ್ಟ್ರೆಚರಿನಲ್ಲಿ ಹೊತ್ತು ಹಿಂಭಾಗದಲ್ಲಿ ಮಲಗಿಸಿ, ತಾವಿಬ್ಬರೂ ಮುಂದೆ ಕುಳಿತು ಗಾಡಿ ಓಡಿಸುವರು. ರೋಗಿಯ ಬಳಿ ಯಾರೂ ಇಲ್ಲ. ಅವನ ಉಸಿರು ನಿಂತರೂ ಮುಂದಿನವರಿಗೆ ತಿಳಿಯದು. ಪೊಲೀಸರಿಗೂ ಆ ಜನಕ್ಕೂ ಇದ್ದ ವೈಮನಸ್ಯವು ಇದರ ಮೇಲೆ ಬೇರೆ. ಎಷ್ಟೋ ಮನೆಗಳವರು ಕರೆ ಮಾಡಲೇ ಅಂಜುತ್ತಿದ್ದರು. ಆಸ್ಪತ್ರೆಗಳೇನೂ ದೂರವಿರಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಮರ್ಸಿ ಆಸ್ಪತ್ರೆಯು ಗುಡ್ಡದ ಅಂಚಿನಲ್ಲಿಯೇ ಇತ್ತು. ವಿಶ್ವವಿದ್ಯಾನಿಲಯದ ಪ್ರೆಸ್‌ಬಿಟೀರಿಯನ್ ಆಸ್ಪತ್ರೆಯು ನೆರೆಯ ಓಕ್‌ಲೆಂಡ್‌ನಲ್ಲಿ. ಮೈಲಿಯ ಲೆಕ್ಕದಲ್ಲಿ ಸಮೀಪವಾದುದು ಮನುಷ್ಯರ ಲೆಕ್ಕದಲ್ಲಿ ಬಹುದೂರವಾಗಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈ ದುಃಸ್ಥಿತಿಯು ದೊಡ್ಡವರನ್ನೂ ಬಿಡಲಿಲ್ಲ. ಡೇವಿಡ್ ಲಾರೆನ್ಸ್ ಎಂಬವರು ಪಿಟ್ಸ್‌ಬರ್ಗಿನ ಮೇಯರಾಗಿದ್ದವರು, ಪೆನ್ಸಿಲ್ವೇನಿಯ ರಾಜ್ಯದ ಗವರ್ನರಾಗಿದ್ದವರು. 1966ರ ನವೆಂಬರ್ 4ರಂದು ಚುನಾವಣಾ ಸಭೆಯೊಂದರಲ್ಲಿ ಅವರು ಕುಸಿದುಬಿದ್ದರು. ಸಭೆಯಲ್ಲಿದ್ದ ದಾದಿಯೊಬ್ಬರು ಉಸಿರು ತುಂಬಲು ಯತ್ನಿಸಿದರು. ಬಂದುದು ಅದೇ ಪೊಲೀಸ್ ವ್ಯಾನು. ದಾರಿಯಲ್ಲಿ ಸಮರ್ಪಕವಾದ ಉಪಚಾರ ದೊರೆಯಲಿಲ್ಲ. ಆಸ್ಪತ್ರೆಯಲ್ಲಿ ಹೃದಯವು ಮತ್ತೆ ಮಿಡಿಯಿತಾದರೂ ಪ್ರಜ್ಞೆ ಮರಳಲಿಲ್ಲ. ನವೆಂಬರ್ 21ರಂದು ಅವರು ತೀರಿಕೊಂಡರು. ಕೇರಿಯವರ ಪಾಡು ನಿತ್ಯದ್ದಾದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾಜಿ ಗವರ್ನರರ ಮರಣವು ಕಣ್ಣಿಗೆ ಬಿತ್ತು. ಲೋಕದ ರೀತಿಯೇ ಹೀಗೆ.

ಅವರನ್ನು ಉಪಚರಿಸಿದ ವೈದ್ಯರು ಪೀಟರ್ ಸಫಾರ್. 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲಸಿದ ಅರಿವಳಿಕೆ ತಜ್ಞರು. ಇವರ ಹೆಸರನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕದ್ದು. ಬಿದ್ದವನ ಬೆನ್ನನ್ನೊತ್ತಿ ತೋಳುಗಳನ್ನೆತ್ತಿ ಉಸಿರಾಡಿಸುವ ಹಳೆಯ ಪದ್ಧತಿಯು ವ್ಯರ್ಥವೆಂದೂ, ಬಾಯಿಗೆ ಬಾಯಿಟ್ಟು ಉಸಿರು ತುಂಬುವುದೇ ಫಲಕಾರಿಯೆಂದೂ 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರಿನಲ್ಲಿ ಇವರು ಪ್ರಯೋಗಪೂರ್ವಕವಾಗಿ ತೋರಿಸಿಕೊಟ್ಟರು. ಸ್ವಯಂಪ್ರೇರಿತರಾಗಿ ಬಂದವರಿಗೆ ಔಷಧ ಕೊಟ್ಟು, ಅವರ ಸ್ವಂತ ಉಸಿರಾಟವು ಸ್ತಬ್ಧವಾಗುವಂತೆ ಮಾಡಿ, ಅನ್ಯರಿಂದ ಉಸಿರು ತುಂಬಿಸಿ ಅಳೆದ ಸಾಹಸದ ಪ್ರಯೋಗವದು. ಹಾಗೆ ಉಸಿರು ತುಂಬಿದವರಲ್ಲಿ ವೈದ್ಯರಲ್ಲದ ಸಾಮಾನ್ಯರೂ ಇದ್ದರು. ಒಮ್ಮೆ ನೋಡಿ ಕಲಿತು ಅವರು ಸರಿಯಾಗಿಯೇ ಮಾಡಿದರು. ನನ್ನ ದೃಷ್ಟಿಯಲ್ಲಿ ಆ ಪ್ರಯೋಗದ ನಿಜವಾದ ಫಲಿತಾಂಶ ಇದೇ. ಪ್ರಾಣರಕ್ಷಣೆಯ ವಿದ್ಯೆಯು ಪದವೀಧರರ ಗುತ್ತಿಗೆಯಲ್ಲ ಎಂಬುದು ಆಗಲೇ ಸಿದ್ಧವಾಗಿದ್ದಿತು. 1966ರಲ್ಲಿ ಸಫಾರರ ಎಳೆಯ ಮಗಳು ಎಲಿಜಬೆತ್ ಉಬ್ಬಸದ ತೀವ್ರ ಆಘಾತದಿಂದ ತೀರಿಕೊಂಡಳು. ಜಗತ್ತಿಗೆಲ್ಲ ಉಸಿರು ತುಂಬುವುದನ್ನು ಕಲಿಸಿದವರ ಮನೆಯಲ್ಲಿಯೇ ಉಸಿರು ನಿಂತಿತು. ಆಸ್ಪತ್ರೆಗೆ ಮುಂಚಿನ ನಿಮಿಷಗಳನ್ನು ಕುರಿತು ಸಫಾರರಿಗಿದ್ದ ತಳಮಳವು ಅಂದಿನಿಂದ ಇಮ್ಮಡಿಯಾಯಿತು.

ಇನ್ನೊಬ್ಬರು ಫಿಲ್ ಹ್ಯಾಲನ್. ಯೌವನದಲ್ಲಿ ಆಂಬುಲೆನ್ಸ್ ಓಡಿಸಿದ್ದವರು. ಆಗ ಮಾರಿಸ್ ಫಾಕ್ ವೈದ್ಯಕೀಯ ನಿಧಿಯ ಅಧ್ಯಕ್ಷರು. ಗುಡ್ಡದ ಕೇರಿಯವರಿಗೆ ಆಂಬುಲೆನ್ಸ್ ಬೇಕು, ಉದ್ಯೋಗವೂ ಬೇಕು. ಒಂದರಿಂದ ಮತ್ತೊಂದನ್ನು ಏಕೆ ಸಾಧಿಸಬಾರದು ಎಂಬುದು ಅವರ ಯೋಚನೆ. ಕೇರಿಯಲ್ಲಿ ಫ್ರೀಡಂ ಹೌಸ್ ಎಂಬ ಸಂಸ್ಥೆಯೊಂದು ಆಗಲೇ ಇದ್ದಿತು. ಕಪ್ಪುಜನರಿಗೆ ಉದ್ಯೋಗ ಕಲ್ಪಿಸುವುದು ಅದರ ಉದ್ದೇಶ. ವಾಹನದಲ್ಲಿ ತರಕಾರಿಯನ್ನು ಬೀದಿಬೀದಿಗೆ ಒಯ್ದು ಮಾರುವ ಏರ್ಪಾಡನ್ನೂ ಅದು ನಡೆಸುತ್ತಿತ್ತು. ಅದರ ಮುಖ್ಯಸ್ಥರು ಜೇಮ್ಸ್ ಮೆಕಾಯ್. ಹ್ಯಾಲನ್ನರ ಹಣ, ಮೆಕಾಯರ ಜನ, ಸಫಾರರ ವಿದ್ಯೆ ಈ ಮೂರೂ 1967ರಲ್ಲಿ ಕೂಡಿದುವು.

ಸಫಾರರಿಗೆ ವಾಹನಚಾಲಕರು ಬೇಕಾಗಿರಲಿಲ್ಲ; ರೋಗಿಯ ಪಕ್ಕದಲ್ಲಿ ಕುಳಿತು ಆಸ್ಪತ್ರೆಯನ್ನೇ ಅಲ್ಲಿಗೆ ತರಬಲ್ಲವರು ಬೇಕಾಗಿದ್ದರು. ಮೊದಲ ತಂಡಕ್ಕೆ ಸೇರಿದ ಸುಮಾರು ಇಪ್ಪತ್ತೈದು ಮಂದಿಯಲ್ಲಿ ಶಾಲೆಯನ್ನು ಅರ್ಧಕ್ಕೆ ಬಿಟ್ಟವರಿದ್ದರು, ವಿಯೆಟ್ನಾಂ ಯುದ್ಧದಿಂದ ಮರಳಿದವರಿದ್ದರು, ಸೆರೆಮನೆಯನ್ನು ಕಂಡವರೂ ಇದ್ದರು. ಕೆಲಸಕ್ಕೆ ಬಾರದವರೆಂದು ನಗರವು ಕೈಬಿಟ್ಟಿದ್ದ ಜನ. ಅವರಿಗೆ ನಿಯಮಿಸಿದ ಪಾಠಕ್ರಮ ಮುನ್ನೂರು ಗಂಟೆಗಳದು. ಅಂಗರಚನೆ, ಶರೀರಕ್ರಿಯೆ, ಉಸಿರಿನ ದಾರಿಯನ್ನು ಕಾಯುವ ಬಗೆ, ಎದೆಯನ್ನೊತ್ತುವ ಬಗೆ, ರಕ್ತಸ್ರಾವವನ್ನು ತಡೆಯುವುದು, ಮುರಿದ ಎಲುಬನ್ನು ಕಟ್ಟುವುದು, ಶುಶ್ರೂಷೆ, ಸುರಕ್ಷಿತ ಚಾಲನೆ. ಪ್ರೌಢಶಾಲೆಯನ್ನು ಮುಗಿಸದವರಿಗೆ ಆ ಪರೀಕ್ಷೆಯ ಪಾಠವೂ ಜೊತೆಯಲ್ಲಿಯೇ ನಡೆಯಿತು. ಪುಸ್ತಕದ ಪಾಠವಷ್ಟೇ ಅಲ್ಲ. ಶಸ್ತ್ರಚಿಕಿತ್ಸೆಯ ಕೋಣೆ, ಶವಾಗಾರ, ವಾರ್ಡುಗಳು ಇವೆಲ್ಲ ಅವರ ತರಗತಿಗಳಾದುವು. ಅಧ್ಯಾಪನವನ್ನು ಮೂವತ್ತು ವರ್ಷ ನಡೆಸಿದವನಾಗಿ ನಾನು ಇಲ್ಲಿ ಒಂದು ಮಾತನ್ನು ಸೇರಿಸಬಹುದು: ದಡ್ಡನೆನಿಸಿಕೊಂಡ ಹುಡುಗನ ಮುಂದೆ ನಾವು ಪಾಠವನ್ನು ಸಡಿಲಗೊಳಿಸುವುದು ವಾಡಿಕೆ. ಸಫಾರರು ಸಡಿಲಗೊಳಿಸಲಿಲ್ಲ. ಆಗ ದೇಶದಲ್ಲಿ ಆಂಬುಲೆನ್ಸ್ ಸೇವಕನೆಂಬವನಿಗೆ ಕಲಿಸುತ್ತಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚನ್ನು ಇವರ ಮುಂದೆ ಇರಿಸಿದರು. ಅವರು ಕಲಿತರು.

ವಾಹನವೂ ಹೊಸದಾಗಿ ಯೋಜಿತವಾಯಿತು. ಒಳಗೆ ಕುಳಿತವನು ರೋಗಿಯ ತಲೆಯ ಬಳಿ ಸರಿದು ಕೆಲಸ ಮಾಡುವಷ್ಟು ಅವಕಾಶ, ಆಮ್ಲಜನಕ, ಗಂಟಲಿನ ದ್ರವವನ್ನು ಹೀರುವ ಯಂತ್ರ, ಹೃದಯದ ಮಿಡಿತವನ್ನು ಬರೆಯುವ ಯಂತ್ರ, ವಿದ್ಯುದಾಘಾತದಿಂದ ಹೃದಯವನ್ನು ಸರಿದಾರಿಗೆ ತರುವ ಉಪಕರಣ ಇವನ್ನೆಲ್ಲ ಕ್ರಮೇಣ ಅದರಲ್ಲಿ ಅಳವಡಿಸಿದರು. 1968ರಲ್ಲಿ ಸೇವೆ ಆರಂಭವಾಯಿತು. ಮೊದಲ ವರ್ಷದಲ್ಲಿಯೇ ಸುಮಾರು 5,800 ಕರೆಗಳಿಗೆ ಇವರು ಓಗೊಟ್ಟರು. 4,600ಕ್ಕೂ ಹೆಚ್ಚು ರೋಗಿಗಳನ್ನು ಆಸ್ಪತ್ರೆಗೆ ಒಯ್ದರು. ಆ ವರ್ಷ ಇನ್ನೂರು ಪ್ರಾಣಗಳು ಉಳಿದುವೆಂದು ಸಫಾರರು ಲೆಕ್ಕ ಹಾಕಿದರು. 1972ರ ಪರಿಶೀಲನೆಯೊಂದರಲ್ಲಿ, ವಿಷಮಾವಸ್ಥೆಯ ರೋಗಿಗಳಿಗೆ ಫ್ರೀಡಂ ಹೌಸಿನವರು ನೂರಕ್ಕೆ 89ರಷ್ಟು ಸಂದರ್ಭಗಳಲ್ಲಿ ಸರಿಯಾದ ಉಪಚಾರ ಮಾಡಿದ್ದರೆಂದು ಕಂಡುಬಂದಿತು. ಪೊಲೀಸರ ವಿಷಯದಲ್ಲಿ ಆ ಅಂಕಿ 38 ಮಾತ್ರ. ಕೇರಿಯವರ ನಂಬಿಕೆಯನ್ನಂತೂ ಅಳೆಯುವ ಸಂಖ್ಯೆಯಿಲ್ಲ. ಕರೆದಾಗ ಬರುತ್ತಿದ್ದವನು ನೆರೆಮನೆಯ ಹುಡುಗ. ಮುದುಕಿಯನ್ನು ಹೆಸರು ಹಿಡಿದು ಮಾತನಾಡಿಸಬಲ್ಲವನು.

ಇವರೇ ಜಗತ್ತಿನಲ್ಲಿ ಮೊದಲಿಗರೆಂದು ಈಚೆಗೆ ಕೆಲವರು ಬರೆಯುವುದುಂಟು. ಅದು ಸ್ವಲ್ಪ ಅತಿಶಯೋಕ್ತಿ. 1966ರಲ್ಲಿಯೇ ಬೆಲ್‌ಫಾಸ್ಟಿನಲ್ಲಿ ಡಾಕ್ಟರ್ ಪ್ಯಾಂಟ್ರಿಜ್ ಹೃದ್ರೋಗಿಗಳ ಮನೆಗೆ ವೈದ್ಯರನ್ನು ಉಪಕರಣಸಹಿತ ಕಳುಹಿಸತೊಡಗಿದ್ದರು. ಮಯಾಮಿ, ಲಾಸ್ ಏಂಜಲೀಸ್, ಸಿಯಾಟಲ್ ನಗರಗಳಲ್ಲಿ ಸುಮಾರು ಇದೇ ವರ್ಷಗಳಲ್ಲಿ ಅಗ್ನಿಶಾಮಕ ದಳದವರು ಇಂಥ ತರಬೇತಿ ಪಡೆದರು. ಫ್ರೀಡಂ ಹೌಸಿನ ವೈಶಿಷ್ಟ್ಯ ಬೇರೆಯದು. ಸೇವೆಯಿಂದ ವಂಚಿತವಾದ ಕೇರಿಯೇ ಸೇವಕರನ್ನು ಹಡೆಯಿತು. ಹಾಗೆ ಬಂದವರು ಕಲಿತುದು ಅತ್ಯುನ್ನತ ಮಟ್ಟದ ವಿದ್ಯೆ.

1970ರ ದಶಕದ ನಡುವಿನಲ್ಲಿ ಸಫಾರರ ಬಳಿಗೆ ತರುಣ ವೈದ್ಯೆ ನ್ಯಾನ್ಸಿ ಕ್ಯಾರೊಲಿನ್ ಬಂದರು. ಅವರನ್ನು ಫ್ರೀಡಂ ಹೌಸಿನ ವೈದ್ಯಕೀಯ ನಿರ್ದೇಶಕಿಯನ್ನಾಗಿ ನೇಮಿಸಲಾಯಿತು. ಆಕೆ ಕಚೇರಿಯಲ್ಲಿ ಕೂರುವ ಸ್ವಭಾವದವರಲ್ಲ. ರಾತ್ರಿಯ ಪಾಳಿಯಲ್ಲಿ ತಾವೂ ವಾಹನವನ್ನೇರಿ ಹೊರಡುವರು. ಇಲ್ಲವೆ ರೇಡಿಯೋದ ಬಳಿ ಕುಳಿತು ದೂರದಿಂದಲೇ ಸೂಚನೆ ಕೊಡುವರು. ಪ್ರತಿಯೊಂದು ಕರೆಯ ವಿವರವನ್ನೂ ಮರುದಿನ ಪಾಠವಾಗಿಸಿ ತಪ್ಪನ್ನು ತಿದ್ದುವರು. ಗಂಟಲಿನ ಮೂಲಕ ಶ್ವಾಸನಾಳಕ್ಕೆ ಕೊಳವೆಯನ್ನಿಳಿಸುವ ಕ್ರಿಯೆಯು ಅದುವರೆಗೆ ಅರಿವಳಿಕೆ ತಜ್ಞರ ಸ್ವತ್ತಾಗಿದ್ದಿತು. ಅದನ್ನು ಬೀದಿಯಲ್ಲಿಯೇ ಮಾಡಿದವರಲ್ಲಿ ಜಾನ್ ಮೂನ್ ಒಬ್ಬರು. ಈ ಮೂನ್ ಮೊದಲು ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಯ ಸಣ್ಣ ನೌಕರಿಯಲ್ಲಿದ್ದವರು. ಒಂದು ದಿನ ಇಬ್ಬರು ಕಪ್ಪು ಯುವಕರು ಸಮವಸ್ತ್ರದಲ್ಲಿ ರೋಗಿಯೊಡನೆ ವಾರ್ಡಿಗೆ ಬಂದು, ತಿಳಿದವರ ಗಾಂಭೀರ್ಯದಿಂದ ವ್ಯವಹರಿಸುವುದನ್ನು ಕಂಡು, ತಾನೂ ಅವರಂತಾಗಬೇಕೆಂದು ನಿಶ್ಚಯಿಸಿ 1972ರಲ್ಲಿ ಸೇರಿದರು.

ಅಮೆರಿಕದ ಸಾರಿಗೆ ಇಲಾಖೆಯು ಇಡೀ ದೇಶಕ್ಕೆ ಒಂದು ಪಠ್ಯಕ್ರಮವನ್ನು ರಚಿಸುವ ಹೊಣೆಯನ್ನು ಪಿಟ್ಸ್‌ಬರ್ಗಿಗೆ ವಹಿಸಿದಾಗ ಕ್ಯಾರೊಲಿನ್ ಅದನ್ನು ಬರೆದುದೂ, ಒರೆಹಚ್ಚಿದುದೂ ಈ ಜನರನ್ನು ಇಟ್ಟುಕೊಂಡೇ. ಬೀದಿಗಳಲ್ಲಿ ಆತ್ಯಯಿಕ ಚಿಕಿತ್ಸೆ ಎಂಬರ್ಥದ ಹೆಸರಿನಿಂದ 1979ರಲ್ಲಿ ಪ್ರಕಟವಾದ ಅವರ ಗ್ರಂಥವು ಅನೇಕ ಮುದ್ರಣಗಳನ್ನು ಕಂಡು ಆ ವೃತ್ತಿಯ ಮೂಲಪಠ್ಯವೆನಿಸಿತು. ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು 'ಆರೋಗ್ಯ ಕವಚ'ವೆಂಬ ಹೆಸರಿನಿಂದ 108 ಸೇವೆಯು ಆರಂಭವಾದಾಗ ವಾಹನದೊಳಗೆ ತರಬೇತಿ ಪಡೆದ ತಂತ್ರಜ್ಞನೊಬ್ಬನು ಇರತಕ್ಕದ್ದೆಂದು ವಿಧಿಸಿದರಲ್ಲವೆ? ರೋಗಿಯ ಪಕ್ಕದ ಆ ಆಸನವು ಲೋಕಕ್ಕೆ ದೊರಕಿದುದರಲ್ಲಿ ಗುಡ್ಡದ ಕೇರಿಯ ಪಾಲೂ ಉಂಟು. ಬೆಂಗಳೂರಿನ ಸಂಚಾರದ ಇಕ್ಕಟ್ಟಿನಲ್ಲಿ ನಾಲ್ಕು ಚಕ್ರದ ವಾಹನಕ್ಕೆ ದಾರಿ ಸಿಗದೆಂದು 2015ರಲ್ಲಿ ಬೈಕ್ ಆಂಬುಲೆನ್ಸ್‌ಗಳನ್ನು ಹೊರಡಿಸಿದುದೂ ಅದೇ ನಿಮಿಷಗಳ ಲೆಕ್ಕದಿಂದಲೇ. ಇನ್ನು ನ್ಯಾಯದ ಮಾತು: ಪೊಲೀಸ್ ಪ್ರಕರಣವೆಂಬ ನೆಪದಿಂದ ಗಾಯಾಳುವನ್ನು ಯಾವ ವೈದ್ಯನೂ ಹಿಂದಕ್ಕೆ ಕಳುಹಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರಿಗೆ ಕಿರುಕುಳ ತಟ್ಟದಂತೆ 2019ರ ಮೋಟಾರು ವಾಹನ ತಿದ್ದುಪಡಿಯು ರಕ್ಷಣೆ ಕೊಟ್ಟಿದೆ. ದಾರಿಯಲ್ಲಿ ಅಪಘಾತವನ್ನು ಕಂಡು ಹೆದರಿ ಸರಿಯುವ ವಿದ್ಯಾರ್ಥಿಗಳು ಇದನ್ನು ತಿಳಿದಿರುವುದು ಒಳಿತು.

ಪಿಟ್ಸ್‌ಬರ್ಗಿನ ಕಥೆ ಇನ್ನೂ ಮುಗಿದಿಲ್ಲ. ಇಷ್ಟು ಕೀರ್ತಿ ಬಂದ ಮೇಲೆ ಸೇವೆಯು ನಗರಕ್ಕೆಲ್ಲ ಹಬ್ಬಬೇಕಾಗಿದ್ದಿತು. ಆದುದು ಬೇರೆ. ನಗರದ ಇತರ ಭಾಗಗಳಲ್ಲಿ ಅದೇ ಪೊಲೀಸ್ ವ್ಯಾನು ಮುಂದುವರಿಯಿತು. ಗುಡ್ಡದ ಬಡವರಿಗೆ ದೊರೆತ ಉಪಚಾರವು ಸಿರಿವಂತರ ಬಡಾವಣೆಗಳಿಗೆ ದೊರೆಯದಂಥ ವಿಚಿತ್ರವು ಕೆಲವು ವರ್ಷ ನಡೆಯಿತು. ಕರೆ ಬಂದರೂ ಪೊಲೀಸ್ ನಿಯಂತ್ರಣ ಕೇಂದ್ರವು ಇವರಿಗೆ ತಿಳಿಸದೆ ಇದ್ದುದುಂಟು. ಪೊಲೀಸ್ ರೇಡಿಯೋವನ್ನು ಆಲಿಸುತ್ತಿದ್ದು ಇವರೇ ಓಡಿಹೋಗಿ ಸೇರುತ್ತಿದ್ದರು. ಕಪ್ಪು ಕೈ ತನ್ನನ್ನು ಮುಟ್ಟಕೂಡದೆಂದ ಬಿಳಿಯ ರೋಗಿಗಳೂ ಇದ್ದರು. 1970ರಲ್ಲಿ ಅಧಿಕಾರಕ್ಕೆ ಬಂದ ಮೇಯರ್ ಪೀಟ್ ಫ್ಲಾಹರ್ಟಿಯವರಿಗೆ ಈ ಸಂಸ್ಥೆಯ ಮೇಲೆ ಒಲವಿರಲಿಲ್ಲ. ನಗರದ ಹಣವು ತಡವಾಗಿ, ಕಡಿಮೆಯಾಗಿ ಬರತೊಡಗಿತು. ಕೊನೆಗೆ ನಗರವು ತನ್ನದೇ ಸೇವೆಯನ್ನು ಸ್ಥಾಪಿಸಿ, 1975ರ ಅಕ್ಟೋಬರ್ 15ರಂದು ಫ್ರೀಡಂ ಹೌಸಿನ ವಾಹನಗಳನ್ನು ನಿಲ್ಲಿಸಿತು.

ಅದರ ಜನರನ್ನು ಹೊಸ ಸೇವೆಗೆ ತೆಗೆದುಕೊಳ್ಳಬೇಕೆಂದು ಕ್ಯಾರೊಲಿನ್ ಷರತ್ತು ಹಾಕಿದ್ದರು. ತೆಗೆದುಕೊಂಡರು; ಆದರೆ ಉಳಿಸಿಕೊಳ್ಳಲಿಲ್ಲ. ಅಪರಾಧದ ದಾಖಲೆಯುಂಟೆಂಬ ಕಾರಣದಿಂದ ಕೆಲವರನ್ನು ಬಿಡಿಸಿದರು. ಪರೀಕ್ಷೆಗಳನ್ನು ಒಡ್ಡಿ ಕೆಲವರನ್ನು ಕಳೆದರು. ವರ್ಷಾನುಗಟ್ಟಲೆ ಪ್ರಾಣ ಉಳಿಸಿದ ಅನುಭವಿಗಳು, ತಮಗಿಂತ ಕಡಿಮೆ ಬಲ್ಲ ಹೊಸ ಬಿಳಿಯ ನೌಕರರ ಕೈಕೆಳಗೆ ಚೀಲ ಹೊರುವವರಾದರು. ಅನೇಕರು ತಾವಾಗಿ ಬಿಟ್ಟುಹೋದರು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಕಪ್ಪುಜನರು ಹುಟ್ಟುಹಾಕಿದ ವೃತ್ತಿಯಲ್ಲಿ, ಅದೇ ನಗರದಲ್ಲಿ, ಶತಮಾನದ ಕೊನೆಯ ವೇಳೆಗೆ ಇದ್ದವರು ಬಹುತೇಕ ಎಲ್ಲರೂ ಬಿಳಿಯರೇ. ಆ ಜನರು ಅಸಮರ್ಥರೆಂದು ಇದನ್ನು ಸಮರ್ಥಿಸಿದವರಿಗೆ 1972ರ ಅಂಕಿಗಳನ್ನೊಮ್ಮೆ ನೋಡುವ ತಾಳ್ಮೆ ಇರಲಿಲ್ಲವೆಂದೇ ನಾನು ತಿಳಿಯುತ್ತೇನೆ.

ಕ್ಯಾರೊಲಿನ್ ಇಸ್ರೇಲಿಗೆ ತೆರಳಿ ಅಲ್ಲಿಯ ಆಂಬುಲೆನ್ಸ್ ಸೇವೆಯನ್ನು ಕಟ್ಟಲು ನೆರವಾದರು, 2002ರಲ್ಲಿ ನಿಧನರಾದರು. ಮರುವರ್ಷ ಸಫಾರರೂ ಹೋದರು. ಫ್ರೀಡಂ ಹೌಸಿನಲ್ಲಿ ಕಲಿತ ಮಿಚೆಲ್ ಬ್ರೌನ್ ಮುಂದೆ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಸಾರ್ವಜನಿಕ ಸುರಕ್ಷತೆಯ ನಿರ್ದೇಶಕರಾದರು. 2022ರಲ್ಲಿ ಕೆವಿನ್ ಹ್ಯಾಜರ್ಡ್ ಎಂಬ ಲೇಖಕರು ಈ ವೃತ್ತಾಂತವನ್ನು ಗ್ರಂಥರೂಪದಲ್ಲಿ ಹೊರತಂದರು. ಜಾನ್ ಮೂನ್ ಮಾತ್ರ ನಗರದ ಸೇವೆಯನ್ನು ಬಿಡಲಿಲ್ಲ. ಅವಮಾನವನ್ನು ನುಂಗಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಏರಿ ಸಹಾಯಕ ಮುಖ್ಯಸ್ಥರಾದರು, ಗುಡ್ಡದ ಕೇರಿಯಂಥ ಕೇರಿಗಳ ಮಕ್ಕಳನ್ನು ಕರೆತಂದು ಈ ವಿದ್ಯೆಗೆ ಹಚ್ಚಿದರು, 2009ರಲ್ಲಿ ನಿವೃತ್ತರಾದರು. 2020ರ ದಶಕದ ಆರಂಭದಲ್ಲಿ ಪಿಟ್ಸ್‌ಬರ್ಗಿನ ಆಸ್ಪತ್ರೆಗಳ ಸಂಸ್ಥೆಯೊಂದು ಬಡ ಬಡಾವಣೆಗಳ ತರುಣರಿಗೆ ಆಂಬುಲೆನ್ಸ್ ಸೇವೆಯ ತರಬೇತಿಯನ್ನು ಮತ್ತೆ ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು ಫ್ರೀಡಂ ಹೌಸ್ ಎಂಬುದೇ.